ವಿಠ್ಠಲ ಗುಡಿಯ ಕಟ್ಟೆ ಮೇಲೆ ಪರದೇಶಿ ಕುದುರೆ ವ್ಯಾಪಾರಿಗಳು ಯಾಕೆ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ವಿಠ್ಠಲ ದೇವಸ್ಥಾನದ ಮಂಟಪದ ಕಟ್ಟೆ ಸುತ್ತ ಕುದುರೆ ಹಿಡಿದು ನಿಂತವರ ಕೆತ್ತನೆ ಇದೆ. ‘ಇವರು ಅರಬರು, ಇವರು ಪರ್ಷಿಯಾದವರು, ಇವರು ಪೋರ್ಚುಗೀಸರು’ ಅಂತ ಗೈಡ್ ತೋರಿಸಿದ. ಎಂಟನೇ ಕ್ಲಾಸಿನ ನನ್ನ ಮಗ ಅಲ್ಲೇ ಕೇಳಿದ: ‘ವಿಜಯನಗರದವರು ಸುಲ್ತಾನರ ಜೊತೆ ಧರ್ಮಕ್ಕಾಗಿ ಯುದ್ಧ ಮಾಡಿದ್ರಲ್ವಾ, ಮತ್ತೆ ಇವರನ್ನ ದೇವರ ಗುಡಿ ಮೇಲೆ ಯಾಕೆ ಕೆತ್ತಿದ್ರು?’ ನನಗೆ ಹೇಳೋಕೆ ಬರಲಿಲ್ಲ. ರಾಯಚೂರಿಗಾಗಿ ಅಷ್ಟು ಸಲ ಯುದ್ಧ ಆಗಿದ್ದು ಧರ್ಮಕ್ಕಾ, ದುಡ್ಡಿಗಾ? ಪೋರ್ಚುಗೀಸರು ಯಾರ ಕಡೆ ಇದ್ದರು?

ಉತ್ತರ: ಮೇಡಂ, ನಿಮ್ಮ ಮಗನಿಗೆ ಮೊದಲು ಇಷ್ಟು ಹೇಳಿ. ಆ ಕಾಲದಲ್ಲಿ ಯುದ್ಧ ಗೆಲ್ಲಬೇಕಾದರೆ ಒಳ್ಳೆ ಕುದುರೆ ಬೇಕು. ಅಂಥ ಕುದುರೆ ನಮ್ಮ ಕಡೆ ಹುಟ್ಟುತ್ತಿರಲಿಲ್ಲ, ಸಮುದ್ರ ದಾಟಿಯೇ ಬರಬೇಕಿತ್ತು. ತರುತ್ತಿದ್ದವರು ಅರಬರು, ಪರ್ಷಿಯಾದವರು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋದ ಮೇಲೆ ಆ ದಾರಿಯ ಬೀಗದ ಕೈಯೂ ಅವರ ಹತ್ತಿರ ಹೋಯಿತು. ಕೊಳ್ಳುವ ರಾಜ ಯಾವ ದೇವರನ್ನು ಪೂಜಿಸಿದರೂ ಇವರ ಜೊತೆ ವ್ಯವಹಾರ ಮಾಡದೆ ಗತಿ ಇರಲಿಲ್ಲ. ವ್ಯವಹಾರ ಅಂದೆ, ಸ್ನೇಹ ಅನ್ನಲಿಲ್ಲ. ಆ ವ್ಯತ್ಯಾಸ ಮುಂದೆ ಬರುತ್ತದೆ.

ನಮ್ಮಲ್ಲಿ ಕುದುರೆಯೇ ಇರಲಿಲ್ಲ ಅಂತಲ್ಲ. ತಟ್ಟುಗಳಿದ್ದವು. ಹೇರು ಹೊರೋದಕ್ಕೆ, ಊರಿಂದ ಊರಿಗೆ ಹೋಗೋದಕ್ಕೆ ಅವು ಸಾಕು. ಗುರಾಣಿ, ಭರ್ಜಿ ಹಿಡಿದ ಸವಾರನನ್ನು ಹೊತ್ತು ಶತ್ರುವಿನ ಸಾಲಿನ ಮೇಲೆ ನುಗ್ಗೋದಕ್ಕೆ ಅರಬ್ಬಿ ಅಥವಾ ಪರ್ಷಿಯನ್ ಕುದುರೆಯೇ ಆಗಬೇಕಿತ್ತು. ತಂದ ಕುದುರೆ ಇಲ್ಲಿಯ ಹವೆಗೆ, ಮೇವಿಗೆ ಹೊಂದಿಕೊಂಡು ಬಾಳೋದೂ ಕಷ್ಟ. 13ನೇ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಇದನ್ನು ಬರೆದಿದ್ದಾನೆ. ಅಲ್ಲಿಯ ರಾಜರು ವರ್ಷಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ ಕುದುರೆ ಕೊಳ್ಳುತ್ತಾರೆ, ವರ್ಷ ಮುಗಿಯೋದರೊಳಗೆ ಬಹುಪಾಲು ಸತ್ತು ಹೋಗುತ್ತವೆ, ಯಾಕೆಂದರೆ ಸಾಕೋದು ಗೊತ್ತಿಲ್ಲ, ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ ಅಂತಾನೆ. ಅದಕ್ಕಿಂತ ಮಜಾ ಇರೋದು ಅವನ ಇನ್ನೊಂದು ಮಾತಿನಲ್ಲಿ. ಕುದುರೆ ವೈದ್ಯ ಬಲ್ಲವರನ್ನು ವ್ಯಾಪಾರಿಗಳು ಈ ಕಡೆ ಬರಲು ಬಿಡುತ್ತಿರಲಿಲ್ಲವಂತೆ. ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ!

ಈ ವ್ಯಾಪಾರದ ದೊಡ್ಡ ಕೇಂದ್ರ ಹೊರ್ಮುಜ್. ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಒಂದು ಬರಡು ದ್ವೀಪ. ಕುಡಿಯೋ ನೀರನ್ನೂ ಹೊರಗಿನಿಂದ ತರಬೇಕಿತ್ತು. ಅರೇಬಿಯಾ, ಇರಾನಿನ ಕುದುರೆಗಳು ಅಲ್ಲಿ ಸೇರಿ ಹಡಗು ಹತ್ತಿ ಗೋವಾ, ಭಟ್ಕಳ, ಹೊನ್ನಾವರ, ಚೌಲ್‌ಗೆ ಬರುತ್ತಿದ್ದವು. ಅಲ್ಲಿಂದ ಘಟ್ಟ ಹತ್ತಿ ಒಂದು ಪಾಲು ಬೀದರ್, ಬಿಜಾಪುರದ ಕಡೆ, ಒಂದು ಪಾಲು ಹಂಪಿಯ ಕಡೆ. ಸುಲ್ತಾನರಿಗೂ ಇದೇ ಕುದುರೆ, ರಾಯರಿಗೂ ಇದೇ ಕುದುರೆ. ನಿಜವಾದ ಪೈಪೋಟಿ ಇದ್ದದ್ದು ಇಲ್ಲಿ. ನನಗೆ ಬರಬೇಕು, ಅವನಿಗೆ ಹೋಗಬಾರದು.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಕೃಷ್ಣದೇವರಾಯನೇ ತೆಲುಗಿನಲ್ಲಿ ಬರೆದ ‘ಆಮುಕ್ತಮಾಲ್ಯದ’ದ ರಾಜನೀತಿ ಭಾಗದಲ್ಲಿ ಇದು ಇದೆ. ರಾಜನಾದವನು ಬಂದರುಗಳನ್ನು ಚೆನ್ನಾಗಿಡಬೇಕು. ಕುದುರೆ, ಆನೆ, ರತ್ನ, ಗಂಧ, ಮುತ್ತು ಸಲೀಸಾಗಿ ಬರಬೇಕು. ದೂರದ ದೇಶಗಳಿಂದ ಆನೆ, ಒಳ್ಳೆ ಕುದುರೆ ತರುವ ವ್ಯಾಪಾರಿಗಳಿಗೆ ಊರು ಕೊಡಬೇಕು, ರಾಜಧಾನಿಯಲ್ಲಿ ಒಳ್ಳೆ ಮನೆ ಕೊಡಬೇಕು, ದಿನಾ ದರ್ಶನ ಕೊಡಬೇಕು, ಉಡುಗೊರೆ ಕೊಡಬೇಕು, ಲಾಭವನ್ನೂ ಬಿಡಬೇಕು. ಕಾರಣವನ್ನೂ ಅವನೇ ಹೇಳುತ್ತಾನೆ: ಆ ಸರಕು ಶತ್ರುಗಳಿಗೆ ಸಿಗಬಾರದು. ಗುಡಿಯ ಕಟ್ಟೆ ಮೇಲೆ ಕುದುರೆಯವನು ಯಾಕೆ ನಿಂತಿದ್ದಾನೆ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾ? ರಾಯನ ವೈಭವವನ್ನು ತೋರಿಸಬೇಕಾದರೆ ದೂರದೇಶದ ಕುದುರೆ ಅವನ ಬಾಗಿಲಿಗೆ ಬಂದದ್ದನ್ನು ತೋರಿಸಬೇಕು. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲೂ, ಹಜಾರರಾಮ ಗುಡಿಯ ಹೊರಗೋಡೆಯಲ್ಲೂ ಇದೇ ಮೆರವಣಿಗೆ ಇದೆ. ಗುಡಿಯ ಒಳಗೆ ದೇವರು, ಹೊರಗೆ ರಾಜ್ಯ. ಕೆತ್ತಿದವರಿಗೆ ಇದರಲ್ಲಿ ಗೊಂದಲ ಕಂಡಿರಲಿಲ್ಲ.

ಇನ್ನು ಈ ಕುದುರೆಗಳ ಲೆಕ್ಕ ನೋಡಿ. ನೂನಿಜ್ ಅನ್ನೋ ಪೋರ್ಚುಗೀಸ ಸುಮಾರು 1535ರ ಹೊತ್ತಿಗೆ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದ. ಅವನು ಸ್ವತಃ ಕುದುರೆ ವ್ಯಾಪಾರಿ, ಹಾಗಾಗಿ ಬೇರೆಯವರು ಗಮನಿಸದ ಸಣ್ಣ ಸಂಗತಿಗಳು ಅವನ ಬರಹದಲ್ಲಿ ಸಿಗುತ್ತವೆ. ಸಾಳುವ ನರಸಿಂಹನ ಬಗ್ಗೆ ಅವನು ಕೇಳಿ ಬರೆದದ್ದು ಇದು. ಆ ರಾಜ ಹೊರ್ಮುಜ್‌ನಿಂದ ಕುದುರೆ ತರಿಸುತ್ತಿದ್ದ. ಸಾವಿರ ಪರ್ದಾವಿಗೆ ಮೂರು ಕುದುರೆ. ಪರ್ದಾವ್ ಅಂದರೆ ಇಲ್ಲಿಯ ಚಿನ್ನದ ನಾಣ್ಯಕ್ಕೆ ಪೋರ್ಚುಗೀಸರು ಹೇಳುತ್ತಿದ್ದ ಹೆಸರು. ಬದುಕಿದ್ದರೂ ಅದೇ ಬೆಲೆ, ಸತ್ತಿದ್ದರೂ ಅದೇ ಬೆಲೆ. ಹಡಗಿನಲ್ಲೇ ಕುದುರೆ ಸತ್ತರೆ ವ್ಯಾಪಾರಿ ಬರೀ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ದುಡ್ಡೇ ಕೈಗೆ ಬರುತ್ತಿತ್ತು.

ಬಾಲಕ್ಕೆ ದುಡ್ಡು ಕೊಡೋದು ಹುಚ್ಚುತನ ಅನ್ನಿಸುತ್ತದೆ, ಅಲ್ವಾ? ನನಗೆ ಹಾಗೆ ಅನ್ನಿಸೋದಿಲ್ಲ. ಸಮುದ್ರದ ಮೇಲೆ ಕುದುರೆ ಸಾಯೋದು ಸಾಮಾನ್ಯ. ಆ ನಷ್ಟದ ಭಯಕ್ಕೆ ವ್ಯಾಪಾರಿ ಬರದೇ ಹೋದರೆ, ಇಲ್ಲಾ ಹತ್ತಿರದ ಬಂದರಿನಲ್ಲಿ ಸುಲ್ತಾನನ ಕಡೆಯವರಿಗೆ ಮಾರಿ ಹೋದರೆ, ರಾಜನಿಗೆ ಅದಕ್ಕಿಂತ ದೊಡ್ಡ ನಷ್ಟ. ಇದು ಆ ಕಾಲದ ಇನ್ಶೂರೆನ್ಸ್.

ತನ್ನ ಕಾಲದ ಬಗ್ಗೆ ನೂನಿಜ್ ಹೇಳುವ ಲೆಕ್ಕ ಇನ್ನೂ ಚೆನ್ನಾಗಿದೆ. ರಾಜ ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ಳುತ್ತಾನಂತೆ, ನಾಡ ಕುದುರೆಗಳು ಬೇರೆ. ಸಂಖ್ಯೆ ಸ್ವಲ್ಪ ಉಬ್ಬಿರಬಹುದು, ವ್ಯಾಪಾರಿಯ ಬಾಯಿ ತಾನೇ. ಆದರೆ ವ್ಯವಹಾರದ ರೀತಿ ನೋಡಿ. ಒಳ್ಳೆಯವನ್ನು ರಾಜ ತನ್ನ ಲಾಯಕ್ಕೆ ಇಟ್ಟುಕೊಳ್ಳುತ್ತಾನೆ. ನಾಡ ಕುದುರೆಗಳನ್ನು ಸಾವಿರ ಪರ್ದಾವಿಗೆ ಐದರಂತೆ ತನ್ನ ನಾಯಕರಿಗೇ ಮಾರುತ್ತಾನೆ. ಅವರು ಸೆಪ್ಟೆಂಬರ್ ತಿಂಗಳೊಳಗೆ ದುಡ್ಡು ಕಟ್ಟಬೇಕು. ಆ ದುಡ್ಡಿನಲ್ಲಿ ಪೋರ್ಚುಗೀಸರ ಬಾಕಿ ತೀರುತ್ತದೆ. ಖಜಾನೆಯಿಂದ ಒಂದು ಕಾಸೂ ಹೊರಗೆ ಹೋಗೋದಿಲ್ಲ. ನಾಯಕರಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಅಂದರೆ ರೈತರಿಂದ. ಹೊಲದಲ್ಲಿ ದುಡಿದವನ ಕಂದಾಯ ಹೀಗೆ ಸುತ್ತಿ ಸುತ್ತಿ ಹೊರ್ಮುಜ್ ತನಕ ಹೋಗುತ್ತಿತ್ತು. ಗುಡಿಯ ಕಟ್ಟೆ ಮೇಲೆ ಅವನ ಕೆತ್ತನೆ ಹುಡುಕಿದರೆ ಸಿಗೋದು ಕಷ್ಟ.

ಈಗ ರಾಯಚೂರು. ಎರಡು ನದಿಗಳ ನಡುವಿನ ನಾಡು ಇದು, ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಎರೆ ಭೂಮಿ, ಗಟ್ಟಿ ಕೋಟೆಗಳು, ಹಟ್ಟಿ ಕಡೆ ಚಿನ್ನ. ಎರಡು ರಾಜ್ಯಗಳ ನಡುವೆ ಸಿಕ್ಕಿಹಾಕಿಕೊಂಡದ್ದು ಇದರ ಹಣೆಬರಹ. ಈ ಜಗಳ ಸುಲ್ತಾನರು ಬಂದ ಮೇಲೆ ಶುರುವಾದದ್ದಲ್ಲ. ರಾಯಚೂರಿನಲ್ಲೇ ಇದ್ದೀನಿ ಅನ್ನೋ ಸಲುಗೆಯಿಂದ ಹೇಳುತ್ತೇನೆ, ಮಗನನ್ನು ಒಮ್ಮೆ ನಮ್ಮ ಕೋಟೆಗೆ ಕರೆದುಕೊಂಡು ಬನ್ನಿ. ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ವಿಷಯ ಅದರಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿ ಮೇಲಿಟ್ಟು ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಗೋಡೆ ಮೇಲೆ ಗೀರಿದ್ದಾರೆ. ಆಗ ದಖನ್ನಿನಲ್ಲಿ ಯಾವ ಸುಲ್ತಾನನೂ ಇರಲಿಲ್ಲ. ಕಾಕತೀಯರೂ ದೇವಗಿರಿಯ ಯಾದವರೂ ಕಾದಾಡುತ್ತಿದ್ದ ಕಾಲ ಅದು. ಇಬ್ಬರೂ ಶಿವ, ವಿಷ್ಣು ಅಂತಲೇ ಕೈಮುಗಿಯುತ್ತಿದ್ದವರು. ಬಹಮನಿಗಳು, ವಿಜಯನಗರದವರು ಬಂದ ಮೇಲೆ ಹಳೇ ಗಡಿ ತಂಟೆಗೆ ಹೊಸ ವಾರಸುದಾರರು ಸಿಕ್ಕರು, ಅಷ್ಟೇ.

1520ರ ದೊಡ್ಡ ಯುದ್ಧ ಹೇಗೆ ಹತ್ತಿಕೊಂಡಿತು ಅನ್ನೋದನ್ನೂ ನೂನಿಜ್ ಬರೆದಿದ್ದಾನೆ. ನಿಮ್ಮ ‘ಧರ್ಮಕ್ಕಾ, ದುಡ್ಡಿಗಾ’ ಅನ್ನೋ ಪ್ರಶ್ನೆಗೆ ಇದು ಸರಿಯಾದ ಜಾಗ. ಕೃಷ್ಣದೇವರಾಯ ಸೀದೆ ಮರ್ಕಾರ್ ಅನ್ನೋ ಮುಸ್ಲಿಂ ವ್ಯಾಪಾರಿಯ ಕೈಗೆ 40,000 ಪರ್ದಾವ್ ಕೊಟ್ಟು ಗೋವಾದಿಂದ ಕುದುರೆ ತಾ ಅಂತ ಕಳಿಸಿದ. ರಾಯನಿಗೆ ಅವನ ಮೇಲೆ ಅಷ್ಟು ನಂಬಿಕೆ. ಅವನು ಫೋಂಡಾ ತನಕ ಹೋದ, ಅಲ್ಲಿಂದ ದುಡ್ಡಿನ ಸಮೇತ ಬಿಜಾಪುರದ ಆದಿಲ್ ಶಾಹನ ಕಡೆ ಸೇರಿಕೊಂಡ. ರಾಯ ಕಾಗದ ಬರೆದ, ಆಳನ್ನೂ ದುಡ್ಡನ್ನೂ ವಾಪಸ್ ಕಳಿಸು ಅಂತ. ಇಸ್ಮಾಯಿಲ್ ಆದಿಲ್ ಶಾಹ ಒಪ್ಪಲಿಲ್ಲ. ಅವನು ಪ್ರವಾದಿಯ ವಂಶದವನು, ಒಪ್ಪಿಸೋಕೆ ಆಗೋದಿಲ್ಲ ಅನ್ನೋ ಮಾತು ಬಂತು. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ವರ್ಷದ ಶಾಂತಿ ಮುರಿಯೋದು ಬೇಡ ಅಂತ ಆಸ್ಥಾನದಲ್ಲೇ ಕೆಲವರು ಹೇಳಿದರು. ರಾಯ ಕೇಳಲಿಲ್ಲ. ಸೇನೆ ರಾಯಚೂರಿನ ಕಡೆ ಹೊರಟಿತು.

ಇದರಲ್ಲಿ ಧರ್ಮ ಎಲ್ಲಿದೆ, ದುಡ್ಡು ಎಲ್ಲಿದೆ? ಎರಡೂ ಇವೆ, ಒಂದರೊಳಗೊಂದು ಹೆಣೆದುಕೊಂಡು. ಹಿಂದೂ ರಾಜ ಮುಸ್ಲಿಂ ವ್ಯಾಪಾರಿಯನ್ನು ನಂಬಿ ದುಡ್ಡು ಕೊಟ್ಟ. ಆ ವ್ಯಾಪಾರಿ ಓಡಿದಾಗ ಸುಲ್ತಾನ ಧರ್ಮದ ಮಾತು ಮುಂದೆ ಮಾಡಿ ಅವನನ್ನು ಉಳಿಸಿದ. ರಾಯನಿಗೆ ಹಳೇ ಗಡಿ ಜಗಳಕ್ಕೆ ನೆಪ ಸಿಕ್ಕಿತು. 40,000 ಪರ್ದಾವ್ ದೊಡ್ಡ ಮೊತ್ತವೇ ಸರಿ, ಆದರೆ ಅಷ್ಟು ದೊಡ್ಡ ದಂಡು ಎತ್ತಿದ ಖರ್ಚು ಅದರಲ್ಲಿ ಹುಟ್ಟುವಂತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ರಾಯಚೂರು.

1520ರ ಮೇ 19ರಂದು ಕದನ ಆಯಿತು. ಆದಿಲ್ ಶಾಹ ಕೃಷ್ಣೆ ದಾಟಿ ಬಂದಿದ್ದ. ಮೊದಲು ಅವನ ತೋಪುಗಳ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಚದುರಿತು. ಆಮೇಲೆ ರಾಯ ತಾನೇ ನುಗ್ಗಿ ತಿರುಗಿಸಿದ. ಓಡಿದವರಲ್ಲಿ ಬಹಳ ಜನ ನದಿಪಾಲಾದರು, ಆದಿಲ್ ಶಾಹ ಆನೆ ಮೇಲೆ ಪಾರಾದ. ರಾಯನಿಗೆ ಸಿಕ್ಕಿದ ಮಾಲಿನಲ್ಲಿ 4,000 ಹೊರ್ಮುಜ್ ಕುದುರೆ ಇದ್ದವು ಅಂತ ನೂನಿಜ್ ಲೆಕ್ಕ ಕೊಡುತ್ತಾನೆ. ನೋಡಿ, ಅವನ ಕಣ್ಣು ಇಲ್ಲೂ ಕುದುರೆ ಮೇಲೇ!

ನಿಮ್ಮ ಕೊನೇ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಪೋರ್ಚುಗೀಸರು ಯಾರ ಕಡೆ? ಇಬ್ಬರ ಕಡೆಯೂ. ಕುದುರೆ ವ್ಯಾಪಾರಕ್ಕೆ ಬಂದಿದ್ದ ಕ್ರಿಸ್ತೊವಾವ್ ದ ಫಿಗೆರೆದೊ ಇಪ್ಪತ್ತು ಬಂದೂಕಿನವರ ಜೊತೆ ರಾಯನ ಪಾಳೆಯಕ್ಕೆ ಬಂದ. ಕೋಟೆ ಗೋಡೆ ಮೇಲೆ ತಲೆ ಎತ್ತಿದವರನ್ನು ಅವರು ಗುಂಡಿಟ್ಟು ಹೊಡೆದರು, ಕೆಳಗಿನವರು ಗೋಡೆಯ ಕಲ್ಲು ಕೀಳೋದು ಸುಲಭವಾಯಿತು. ಇಣುಕಿ ನೋಡಿದ ಕಿಲ್ಲೇದಾರನೂ ಗುಂಡು ತಗುಲಿ ಸತ್ತ, ಕೋಟೆ ಶರಣಾಯಿತು. ಅತ್ತ ಆದಿಲ್ ಶಾಹನ ಸರದಾರ ಸಲಾಬತ್ ಖಾನನ ಜೊತೆ ತಮ್ಮ ಮತ ಬಿಟ್ಟು ಹೋದ ಪೋರ್ಚುಗೀಸರು ಕಾದಾಡುತ್ತಿದ್ದರು. ರಾಯನ ಸೇನೆಯಲ್ಲಿ ಮುಸ್ಲಿಂ ತುಕಡಿಗಳಿದ್ದವು. ಇವರಿಬ್ಬರೂ ಇಲ್ಲಿ ಹೊಡೆದಾಡುತ್ತಿರುವಾಗ ಗೋವಾದ ಕ್ಯಾಪ್ಟನ್ ರುಯಿ ದ ಮೆಲೊ ಸುಮ್ನೆ ಕೂರಲಿಲ್ಲ. ಗೋವಾ ಸುತ್ತಲಿನ ಆದಿಲ್ ಶಾಹಿ ನೆಲವನ್ನು ತನ್ನ ಕೈಗೆ ಹಾಕಿಕೊಂಡ. ಅದಕ್ಕೂ ಮೊದಲು, ಗೋವಾ ಗೆದ್ದ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಮಾಡಿದ್ದೂ ಇದೇ ಆಟ. ಕುದುರೆಯೆಲ್ಲ ನಿನಗೇ ಕೊಡುತ್ತೇನೆ ಅಂತ ರಾಯನಿಗೂ ಆಸೆ ತೋರಿಸಿದ, ಬಿಜಾಪುರಕ್ಕೂ ಆಸೆ ತೋರಿಸಿದ. ಶಿಲುಬೆ ಹಿಡಿದು ಬಂದವರು ನಿಜ, ಜೊತೆಗೆ ತಕ್ಕಡಿಯೂ ಇತ್ತು.

ಇಷ್ಟು ಓದಿ ‘ಹಾಗಾದರೆ ಧರ್ಮ ಬರೀ ನೆಪ’ ಅಂತ ಹೇಳೋವರಿದ್ದಾರೆ. ನಾನು ಒಪ್ಪೋದಿಲ್ಲ. ರಷ್ಯಾದ ಅಫನಾಸಿ ನಿಕಿತಿನ್ ಸುಮಾರು 1470ರ ಹೊತ್ತಿಗೆ ಹೊರ್ಮುಜ್‌ನಿಂದ ಒಂದೇ ಒಂದು ಕುದುರೆ ಹಡಗಿಗೆ ಹತ್ತಿಸಿಕೊಂಡು ಚೌಲ್‌ಗೆ ಬಂದ. ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿ ಅಸದ್ ಖಾನ್ ಆ ಕುದುರೆ ಕಿತ್ತುಕೊಂಡ. ನೀನು ನಮ್ಮ ಮತಕ್ಕೆ ಸೇರಿದರೆ ಕುದುರೆಯನ್ನೂ ಕೊಡುತ್ತೇನೆ, ಸಾವಿರ ಹೊನ್ನೂ ಕೊಡುತ್ತೇನೆ, ಇಲ್ಲವಾದರೆ ಎರಡನ್ನೂ ಕಸಿಯುತ್ತೇನೆ ಅಂದ. ನಾಲ್ಕು ದಿನದ ಗಡುವು ಬೇರೆ. ನಿಕಿತಿನ್ ನಡುಗಿಹೋದ. ಆಗ ಖುರಾಸಾನಿನ ಮುಸ್ಲಿಂ ವ್ಯಾಪಾರಿಯೊಬ್ಬ ಖಾನನ ಹತ್ತಿರ ಹೋಗಿ ಮಾತಾಡಿ ಕುದುರೆ ಬಿಡಿಸಿಕೊಟ್ಟ, ಮತವೂ ಉಳಿಯಿತು. ಒಂದು ವರ್ಷ ಮೇವು ಹಾಕಿ ಸಾಕಿ ಆ ಕುದುರೆಯನ್ನು ಬೀದರಿನಲ್ಲಿ ಮಾರಿದ. ಒತ್ತಡ ನಿಜ, ಭಯ ನಿಜ. ಆ ಒತ್ತಡದಿಂದ ಬಿಡಿಸಿದ ವ್ಯಾಪಾರಿಗಳ ಬಳಗವೂ ನಿಜ.

ವಿಜಯನಗರದ ಕಡೆಯ ಕಥೆಯೂ ಹೀಗೇ ಇದೆ. ಎರಡನೇ ದೇವರಾಯ ಬಹಮನಿಗಳ ಕೈಲಿ ಪೆಟ್ಟು ತಿಂದು ಸಭೆ ಕರೆದನಂತೆ. ನಮ್ಮ ನಾಡು ದೊಡ್ಡದು, ಜನ ಜಾಸ್ತಿ, ಆದರೂ ಯಾಕೆ ಸೋಲುತ್ತೀವಿ? ದೈವೇಚ್ಛೆ ಅಂದರು ಕೆಲವರು. ಅವರ ಕುದುರೆ ಗಟ್ಟಿ, ಅವರ ಬಿಲ್ಲುಗಾರರು ಚುರುಕು ಅಂದರು ಇನ್ನು ಕೆಲವರು. ರಾಯ ಎರಡನೇ ಮಾತು ಹಿಡಿದ. ಮುಸ್ಲಿಮರನ್ನು ಸೇನೆಗೆ ಸೇರಿಸಿಕೊಂಡ, ಜಹಗೀರು ಕೊಟ್ಟ, ಮಸೀದಿ ಕಟ್ಟಿಸಿದ, ಅವರು ತನಗೆ ವಂದಿಸುವಾಗ ಸಂಕೋಚ ಆಗಬಾರದು ಅಂತ ಸಿಂಹಾಸನದ ಮುಂದೆ ಕುರಾನ್ ಇರಿಸಿದ. ಇದನ್ನು ಬರೆದವನು ಬಿಜಾಪುರದ ಇತಿಹಾಸಕಾರ ಫೆರಿಷ್ತಾ, ಅದೂ ಒಂದೂವರೆ ಶತಮಾನ ಕಳೆದ ಮೇಲೆ. ಅವನ ಮಾತನ್ನು ಸ್ವಲ್ಪ ಅಳೆದು ತೂಗಿಯೇ ತೆಗೆದುಕೊಳ್ಳಬೇಕು. ಆದರೆ ಹಂಪಿಯಲ್ಲೇ ಕಲ್ಲಿನ ಸಾಕ್ಷಿ ಇದೆ. ಅಹ್ಮದ್ ಖಾನ್ ಅನ್ನೋ ಅಧಿಕಾರಿ 1439ರಲ್ಲಿ ಒಂದು ಕಟ್ಟಡ ಕಟ್ಟಿಸಿದ. ನೋಡಿದರೆ ಗುಡಿಯ ಮಂಟಪದ ಹಾಗೇ ಕಂಬಗಳು, ಬಳಕೆಯಲ್ಲಿ ಅದು ಮಸೀದಿ. ಶಾಸನ ಅದನ್ನು ಧರ್ಮಸಾಲೆ ಅನ್ನುತ್ತದೆ, ದೇವರಾಯನಿಗೆ ಪುಣ್ಯವಾಗಲಿ ಅಂತ ಕಟ್ಟಿಸಿದ್ದು ಅನ್ನುತ್ತದೆ. ಟೂರಿಸ್ಟ್‌ಗಳು ಆ ಕಡೆ ಹೋಗೋದು ಕಮ್ಮಿ.

ಇನ್ನೊಂದು ಸಂಗತಿ ಮಗನಿಗೆ ಹೇಳಬಹುದು. ವಿಗ್ರಹ ಕೊಂಡೊಯ್ಯೋದು ಬೇರೆ ಮತದವರು ಮಾತ್ರ ಮಾಡಿದ ಕೆಲಸ ಅಂದುಕೊಳ್ಳೋದು ಬೇಡ. ಒಡಿಶಾದ ಗಜಪತಿಯಿಂದ ಉದಯಗಿರಿ ಗೆದ್ದ ಕೃಷ್ಣದೇವರಾಯ ಅಲ್ಲಿಯ ಬಾಲಕೃಷ್ಣನನ್ನು ಹಂಪಿಗೆ ತಂದು 1515ರಲ್ಲಿ ಪ್ರತಿಷ್ಠೆ ಮಾಡಿಸಿದ. ಹಂಪಿಯ ಕೃಷ್ಣ ಗುಡಿ ಎದ್ದದ್ದು ಆ ಗೆಲುವಿನ ನೆನಪಿಗೆ. ಅವನು ವಿಗ್ರಹ ಒಡೆಯಲಿಲ್ಲ, ಪೂಜೆಗಿಟ್ಟ, ಆ ವ್ಯತ್ಯಾಸ ಮುಖ್ಯ. ಆದರೂ ಸೋತವನ ದೇವರು ಗೆದ್ದವನ ಊರಿಗೆ ಬಂದದ್ದಂತೂ ಹೌದು.

ರಾಯಚೂರು ಗೆದ್ದ ಮೇಲೆ ಏನಾಯಿತು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಳೆದುಕೊಂಡದ್ದನ್ನು ವಾಪಸ್ ಕೊಡಿ ಅಂತ ಆದಿಲ್ ಶಾಹ ದೂತನನ್ನು ಕಳಿಸಿದಾಗ, ಬಂದು ನನ್ನ ಪಾದಕ್ಕೆ ಮುತ್ತಿಟ್ಟರೆ ಕೊಡುತ್ತೇನೆ ಅಂದನಂತೆ ರಾಯ. ಇಂಥ ಮಾತು ಮರೆಯುವಂಥದ್ದಲ್ಲ. ಮುಂದೆ ರಾಮರಾಯನ ಕಾಲದಲ್ಲಿ ವ್ಯಾಪಾರದ ಒಪ್ಪಂದ ಇನ್ನೂ ಬಿಗಿಯಾಯಿತು. ಆಗ ಹೆಸರಿಗೆ ರಾಜ ಸದಾಶಿವರಾಯ, ಅಧಿಕಾರವೆಲ್ಲ ರಾಮರಾಯನದು. 1547ರಲ್ಲಿ, ಸದಾಶಿವರಾಯನ ಹೆಸರಿನಲ್ಲಿ, ಪೋರ್ಚುಗೀಸರ ಜೊತೆ ಕರಾರು ಆಯಿತು. ಗೋವಾಕ್ಕೆ ಬಂದ ಕುದುರೆ ವಿಜಯನಗರಕ್ಕೇ ಬರಬೇಕು, ಬಿಜಾಪುರಕ್ಕೆ ಹೋಗಬಾರದು. ಬದಲಿಗೆ ಇಲ್ಲಿಂದ ಕಬ್ಬಿಣ, ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು, ಬಟ್ಟೆ ಅವರಿಗೆ. ಅಂಕೋಲಾ, ಹೊನ್ನಾವರದಲ್ಲಿ ಅವರು ತಾಮ್ರ, ಹವಳ, ಪಾದರಸ, ಇಂಗಳೀಕ, ಚೀನಾ ರೇಷ್ಮೆ ಮಾರಬೇಕು. ಒಂದು ಕಾಗದದಲ್ಲಿ ಇಷ್ಟು ದೂರದ ಸರಕೆಲ್ಲ! ಕರಾರು ಹೆಚ್ಚು ದಿನ ಬಾಳಲಿಲ್ಲ ಅನ್ನೋದು ಬೇರೆ ಮಾತು.

ರಾಮರಾಯ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಆಳಿದ. ಅವನೇ ಚಿಕ್ಕ ವಯಸ್ಸಿನಲ್ಲಿ ಗೋಲ್ಕೊಂಡದಲ್ಲಿ ನೌಕರಿ ಮಾಡಿದವನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಕೊನೆಗೆ ಎಲ್ಲರೂ ಸೇರಿ 1565ರ ಜನವರಿ 23ರಂದು ರಾಮರಾಯನನ್ನು ಮುಗಿಸಿದರು. ಆ ಒಗ್ಗಟ್ಟಿಗೆ ಧರ್ಮದ ಮಾತು ಗೋಂದಿನ ಹಾಗೆ ಕೆಲಸ ಮಾಡಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಹಂಪಿಯ ಗುಡಿಗಳಿಗೆ ಆದ ಗತಿಯೂ ಕಣ್ಣೆದುರೇ ಇದೆ. ರಾಯಚೂರು, ಮುದಗಲ್ ಬಿಜಾಪುರಕ್ಕೆ ಹೋದವು. ಒಗ್ಗಟ್ಟು ಬಹಳ ದಿನ ಉಳಿಯಲಿಲ್ಲ, ಸುಲ್ತಾನರು ಮತ್ತೆ ತಮ್ಮ ತಮ್ಮಲ್ಲೇ ಕಾದಾಡಿದರು.

ಕುದುರೆಗಳ ಕಥೆಯ ಕೊನೆಯನ್ನು ವೆನಿಸ್‌ನ ವ್ಯಾಪಾರಿ ಸೆಸಾರೆ ಫೆದೆರಿಚಿ ಬರೆದಿದ್ದಾನೆ. 1567ರಲ್ಲಿ ಅವನು ಹಂಪಿಗೆ ಬಂದಿದ್ದ. ಗೋವಾದಲ್ಲಿ ಆಗಲೂ ಕುದುರೆಗೆ ಎಷ್ಟು ಬೆಲೆ ಇತ್ತು ಅಂದರೆ, ಇಪ್ಪತ್ತು ಕುದುರೆ ತಂದ ಹಡಗಿನ ಬೇರೆ ಸರಕಿಗೆಲ್ಲ ಸುಂಕ ಮಾಫಿ. ಕುದುರೆ ಇಲ್ಲದಿದ್ದರೆ ನೂರಕ್ಕೆ ಎಂಟು. ಸೋಲಿನ ನಂತರ ಉಳಿದಿದ್ದ ರಾಮರಾಯನ ತಮ್ಮ ತಿರುಮಲರಾಯ ಗೋವಾಕ್ಕೆ ಹೇಳಿಕಳಿಸಿದನಂತೆ: ಯುದ್ಧದಲ್ಲಿ ಕಳೆದುಹೋದ ನನ್ನ ಮುದ್ರೆಯ ಕುದುರೆಗಳನ್ನು ಯಾರೇ ತಂದರೂ ಕೇಳಿದಷ್ಟು ಬೆಲೆ ಕೊಡುತ್ತೇನೆ. ವ್ಯಾಪಾರಿಗಳು ನಂಬಿ ತಂದರು. ಅವನು ಕುದುರೆ ಇಟ್ಟುಕೊಂಡು ಬರಿಗೈಲಿ ಕಳಿಸಿದ. ಅದೇ ವರ್ಷ ಹಂಪಿ ಬಿಟ್ಟು ಪೆನುಗೊಂಡೆಗೆ ಹೋದ.